ಬೇಸಿಗೆಯ ಹಳ್ಳದ ಬಳಿ ಕೂರಬೇಡಿ

ಬೆಟ್ಟ ಹತ್ತಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದು "ಏನಾದರೂ ಕಂಡಿತಾ?" ಎಂದು. ಕಾಲು ನೋವು, ದಾರಿ, ಬುತ್ತಿ ಸಾಕಾಯಿತೋ ಇಲ್ಲವೋ ಎಂಬುದೆಲ್ಲ ಆಮೇಲೆ. ಕಾಟಿ, ಅಂದರೆ ಕಾಡುಕೋಣ, ಕಂಡಿತೆಂದರೆ ಆ ಚಾರಣ ಸಾರ್ಥಕ. ಮುಸುವಗಳ ಗುಂಪು ಕಂಡಿತೆಂದರೆ ಪರವಾಗಿಲ್ಲ. ಏನೂ ಕಾಣಲಿಲ್ಲವೆಂದರೆ ಕೇಳಿದವರ ಮುಖದಲ್ಲಿ ನಮ್ಮ ಬಗ್ಗೆಯೇ ಒಂದು ಮರುಕ ಮೂಡುತ್ತದೆ. ಈ ಲೆಕ್ಕದಲ್ಲಿ ಮಲೆನಾಡಿನ ಬೆಟ್ಟಗಳಿಗೆ ಮೇ ತಿಂಗಳಿನಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಮಳೆಗಾಲದಲ್ಲಿ ದಿನವಿಡೀ ನಡೆದರೂ ಮಂಜು ಮತ್ತು ಉಂಬಳ (ಜಿಗಣೆ) ಬಿಟ್ಟರೆ ಬೇರೇನೂ ಎದುರಾಗದ ದಾರಿಯಲ್ಲೇ ಬೇಸಿಗೆಯಲ್ಲಿ ಗಂಟೆಗೊಂದು ಜೀವ ಕಣ್ಣಿಗೆ ಬೀಳುತ್ತದೆ. ಅದಕ್ಕೇ "ಬೇಸಿಗೆಯಲ್ಲಿ ಹೋಗಿ, ಪ್ರಾಣಿಗಳು ಚೆನ್ನಾಗಿ ಕಾಣುತ್ತವೆ" ಎಂದು ಎಲ್ಲರೂ ಎಲ್ಲರಿಗೂ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಯಾಕೆ ಕಾಣುತ್ತವೆ ಎಂಬ ಪ್ರಶ್ನೆ ಕಳೆದ ಮೇ ತಿಂಗಳಲ್ಲಿ ಕೊಡಚಾದ್ರಿ ಹತ್ತಿ ಬಂದಾಗಿನಿಂದ ನನ್ನನ್ನು ಬಿಟ್ಟಿಲ್ಲ. ಅಲ್ಲಿ ಕಂಡದ್ದಕ್ಕಿಂತ ಹೆಚ್ಚಾಗಿ, ನೀರಿನ ಅಂಚಿನವರೆಗೆ ಬಂದು ನೀರು ಮುಟ್ಟದೆ ತಿರುಗಿ ಹೋದ ಒಂದು ಪ್ರಾಣಿ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ.

ಎಣ್ಣೆ ಮತ್ತು ಉಣುಗು

ನಿಟ್ಟೂರಿನ ಹತ್ತಿರ ನನ್ನ ಸೋದರಮಾವನ ಮನೆ. ಮಾವ ಅಡಿಕೆ ತೋಟದವರು, ಎಪ್ಪತ್ತು ದಾಟಿದವರು, ಜೀಪುಗಳ ಸಾಲು ಹತ್ತುವುದಕ್ಕೆ ಮೊದಲಿನ ಕೊಡಚಾದ್ರಿಯನ್ನು ಬಲ್ಲವರು. ಅವರ ಜೊತೆ ನಾನು, ನನ್ನ ಮಗಳು, ಅಣ್ಣನ ಮಗ. ಬೆಳಕು ಹರಿಯುವ ಹೊತ್ತಿಗೆ ಅಂಗಳದಲ್ಲಿ ಬೂಟು ಕಟ್ಟುತ್ತಿದ್ದಾಗ ಮಾವ ಒಳಗಿನಿಂದ ಡೇಪಾ ಎಣ್ಣೆಯ ಬಾಟಲಿ ತಂದು ಜಗಲಿಯ ಮೇಲಿಟ್ಟರು. "ಕೂಸೇ, ಪಾದದಿಂದ ಮೊಣಕಾಲಿನವರೆಗೆ ಹಚ್ಚು. ಕೈಗೂ ಹಚ್ಚು. ಪ್ಯಾಂಟಿನ ತುದಿ ಕಾಲುಚೀಲದೊಳಗೆ ಇರಲಿ" ಎಂದರು. ಅಣ್ಣನ ಮಗ ಚಡ್ಡಿಯಲ್ಲಿ ಹೊರಟು ನಿಂತಿದ್ದ. "ತಮ್ಮಾ, ನೀನು ಒಳಗೆ ಹೋಗಿ ಬಟ್ಟೆ ಬದಲಿಸಿಕೊಂಡು ಬಾ, ಅಲ್ಲಿಯವರೆಗೆ ಯಾರೂ ಹೊರಡುವುದಿಲ್ಲ" ಎಂದು ಅವನನ್ನು ವಾಪಸು ಕಳಿಸಿದರು.

ಶಿವಮೊಗ್ಗ ಜಿಲ್ಲೆಯವರಿಗೆ ಈ ಎಣ್ಣೆಯ ಕಾರಣ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಮಳೆ ನಿಂತು ಕಾಡಿನ ನೆಲ ಒಣಗಿದ ಮೇಲೆ ತಲೆ ಎತ್ತುತ್ತದೆ, ಮುಂಗಾರು ಹಿಡಿಯುವವರೆಗೆ ಇರುತ್ತದೆ. ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ. ಎಣ್ಣೆ ಹಚ್ಚುವುದು ಅದು ಕಚ್ಚದಿರಲೆಂದು. 2018ರ ಕೊನೆಯಲ್ಲಿ ಶುರುವಾಗಿ ಮುಂದಿನ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸೀಮೆ ಅನುಭವಿಸಿದ ಸಾವುನೋವನ್ನು ಇಲ್ಲಿ ಯಾರೂ ಮರೆತಿಲ್ಲ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ಹೇಳಬೇಕೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಮುಸುವ ಮತ್ತು ಮಂಗಗಳು ಈ ಕಾಯಿಲೆಯಲ್ಲಿ ನಮಗಿಂತ ಮೊದಲು ಸಾಯುತ್ತವೆ. ಅವು ಸತ್ತದ್ದನ್ನು ನೋಡಿ ನಾವು ಎಚ್ಚರಗೊಳ್ಳುತ್ತೇವೆ. ಹೊರ ಊರುಗಳಿಂದ ಬರುವ ಚಾರಣಿಗರಲ್ಲಿ ಈ ಎಚ್ಚರ ಕಡಿಮೆ. ಚಡ್ಡಿ, ಚಪ್ಪಲಿಯಲ್ಲಿ ತರಗೆಲೆಯ ಮೇಲೆ ಕುಳಿತು ಫೋಟೋ ತೆಗೆಸಿಕೊಳ್ಳುವವರನ್ನು ಕಂಡಾಗಲೆಲ್ಲ ನನಗೆ ಜೀವ ಝಲ್ಲೆನ್ನುತ್ತದೆ.

ಇನ್ನೊಂದು ಮಾತು. ಬೇಸಿಗೆಯಲ್ಲಿ ಬೆಂಕಿಯ ಭಯದಿಂದ ಅರಣ್ಯ ಇಲಾಖೆ ಎಷ್ಟೋ ಚಾರಣದ ದಾರಿಗಳನ್ನು ಮುಚ್ಚುತ್ತದೆ. ಮುಚ್ಚಲೇಬೇಕು, ಒಂದು ಬೀಡಿಯ ತುಂಡು ಸಾಕು, ಒಂದಿಡೀ ಗುಡ್ಡದ ಹುಲ್ಲು ಹೋಗುತ್ತದೆ. ಭರಣಿ ಮಳೆ ಒಂದೆರಡು ಸಂಜೆ ಹನಿದು ಹುಲ್ಲಿನ ಬುಡ ತೇವವಾದ ಮೇಲೆ, ದಾರಿ ತೆರೆದಿದೆಯೆಂದು ಕೇಳಿ ತಿಳಿದು, ಗೇಟಿನಲ್ಲಿ ಹೆಸರು ಬರೆಸಿ, ಶುಲ್ಕ ಕಟ್ಟಿ ನಾವು ಹೊರಟದ್ದು. ಹಿಡ್ಲುಮನೆ ಜಲಪಾತದ ಪಕ್ಕದಲ್ಲಿ ಹತ್ತುವ ಹಳೆಯ ಕಾಲುದಾರಿ ನಮ್ಮದು.

ನೆಲಕ್ಕಿಳಿದ ಓತಿ

ತೋಟಗಳು ಮುಗಿದು ಕಾಡು ಶುರುವಾಗುವ ಕಡೆ ಕೊಡಸಿಗ ಬಿಳಿಯಾಗಿ ಹೂ ಬಿಟ್ಟಿತ್ತು. ಮಾವ ನಾಲ್ಕು ಹೂ ಕಿತ್ತು ಮಗಳ ಕೈಗಿಟ್ಟು, ಇದನ್ನು ಒಣಗಿಸಿ ತಂಬುಳಿ ಮಾಡುತ್ತಾರೆಂದು ಹೇಳುತ್ತ ಮುಂದೆ ನಡೆದವರು ಗಕ್ಕನೆ ನಿಂತರು. ದಾರಿಯ ಬಲಕ್ಕೆ, ಬಿಸಿಲು ಬಿದ್ದ ಒಂದು ಗೇಣು ಬರಿ ಮಣ್ಣಿನಲ್ಲಿ, ಒಣಗಿದ ತೊಗಟೆಯ ಚೂರೊಂದು ಅಲುಗುತ್ತಿತ್ತು. ಬಗ್ಗಿ ನೋಡಿದರೆ ಹಾರುವ ಓತಿ.

ಅಡಿಕೆ ತೋಟದಲ್ಲಿ ಬೆಳೆದವರೆಲ್ಲ ಹಾರುವ ಓತಿಯನ್ನು ನೋಡಿಯೇ ಇರುತ್ತಾರೆ. ಮರದಿಂದ ಮರಕ್ಕೆ ತೇಲುವಾಗ ಪಕ್ಕೆಲುಬುಗಳನ್ನು ಅಗಲಿಸಿ ಚರ್ಮವನ್ನು ಬಿಡಿಸುವುದನ್ನು, ಗಂಡು ಓತಿ ಕಾಂಡಕ್ಕೆ ಅಂಟಿಕೊಂಡು ಗಂಟಲಿನ ಹಳದಿ ಚೀಲವನ್ನು ಮತ್ತೆ ಮತ್ತೆ ಮುಂದಕ್ಕೆ ಚಾಚಿ ಎಳೆದುಕೊಳ್ಳುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಆದರೆ ಅದು ಮರದ ಜೀವಿ. ಇರುವೆ ತಿಂದುಕೊಂಡು ಹುಟ್ಟಿನಿಂದ ಸಾವಿನವರೆಗೆ ಕಾಂಡದ ಮೇಲೇ ಬದುಕುತ್ತದೆ. ಹೆಣ್ಣು ನೆಲಕ್ಕೆ ಇಳಿಯುವುದು ಮೊಟ್ಟೆಯಿಡಲು ಮಾತ್ರ. ಭರಣಿ ಮಳೆ ಮಣ್ಣನ್ನು ಅಷ್ಟು ಮೆತ್ತಗೆ ಮಾಡಿತ್ತು, ಅದಕ್ಕೆ ಅಷ್ಟೇ ಬೇಕಿತ್ತು. ನಾವು ನೋಡುವಾಗ ಅದು ಮೊಟ್ಟೆಯಿಟ್ಟು ಮುಗಿಸಿ ಗುಳಿ ಮುಚ್ಚುತ್ತಿತ್ತು. ಮುಂಗಾಲಿನಿಂದ ಮಣ್ಣು ಎಳೆದು, ಮೂತಿಯಿಂದ ತಟ್ಟಿ ಗಟ್ಟಿ ಮಾಡಿ, ಸ್ವಲ್ಪ ಹಿಂದೆ ಸರಿದು ನೋಡಿ, ಮತ್ತೆ ಬಂದು ತಟ್ಟುತ್ತಿತ್ತು. ಮೂಗಿನ ಮೇಲೆ ಕೆಂಪು ಮಣ್ಣು ಮೆತ್ತಿತ್ತು. ಕಣ್ಣು ನಮ್ಮ ಮೇಲೇ ಇತ್ತು. ರೆಕ್ಕೆಯ ಚರ್ಮ ಮೈಗೆ ಮಡಚಿಕೊಂಡಿದ್ದರೂ ಅಂಚಿನಲ್ಲಿ ಕಿತ್ತಳೆ ಬಣ್ಣದ ಒಂದು ಎಳೆ ಕಾಣುತ್ತಿತ್ತು. ಉಸಿರಾಟಕ್ಕೆ ಇಡೀ ಪಕ್ಕೆ ಏರಿಳಿಯುತ್ತಿತ್ತು.

"ಎಷ್ಟು ಧೈರ್ಯ ನೋಡಿ, ಓಡಿಯೇ ಹೋಗಲಿಲ್ಲ" ಎಂದಳು ಮಗಳು. "ಧೈರ್ಯವಲ್ಲ ಕೂಸೇ" ಎಂದರು ಮಾವ, "ಕೆಲಸ ಮುಗಿದಿಲ್ಲ." ಅಷ್ಟು ಹೇಳಿ ನಮ್ಮನ್ನು ದಾರಿಯ ಎಡಗಡೆಗೆ ಸರಿಸಿ ಒಬ್ಬೊಬ್ಬರನ್ನೇ ದಾಟಿಸಿದರು. ಮುಂದೆ ದಿನವಿಡೀ ನಾನು ಆ ಮಾತನ್ನೇ ಮೆಲುಕು ಹಾಕಿದೆ. ಪ್ರಾಣಿಯೊಂದು ನಮಗೆ ಹತ್ತಿರದಿಂದ ಕಂಡಿತೆಂದರೆ ಅದಕ್ಕೆ ನಮ್ಮ ಭಯವಿಲ್ಲ, ನಮ್ಮನ್ನು ಒಪ್ಪಿಕೊಂಡಿದೆ ಎಂದು ಭಾವಿಸುವುದು ನಮಗೆ ಹಿತ. ಭಯ ಇದ್ದೇ ಇರುತ್ತದೆ. ಆ ಕ್ಷಣಕ್ಕೆ ಬಿಟ್ಟು ಹೋಗಲಾಗದಂಥದ್ದು ಏನೋ ಆ ಜಾಗದಲ್ಲಿ ಇರುತ್ತದೆ. ಓತಿಗೆ ಅದು ಮೊಟ್ಟೆ. ಮೇ ತಿಂಗಳಲ್ಲಿ ಹೆಚ್ಚಿನವಕ್ಕೆ ಅದು ನೀರು.

ಹಳ್ಳ

ಹಿಡ್ಲುಮನೆಯ ನೀರು ಬೇಸಿಗೆಯಲ್ಲಿ ಬಂಡೆಗೆ ಅಂಟಿಕೊಂಡು ಸದ್ದಿಲ್ಲದೆ ಇಳಿಯುತ್ತದೆ. ಆಗಸ್ಟ್‌ನಲ್ಲಿ ಅದರ ಎದುರು ನಿಂತು ಮಾತನಾಡಿದರೆ ಪಕ್ಕದವರಿಗೆ ಕೇಳಿಸದು. ಜಲಪಾತದ ಹಂತಗಳನ್ನು ಬಿಟ್ಟು ಇನ್ನಷ್ಟು ಮೇಲೆ ಹತ್ತಿದರೆ ಕಾಲುದಾರಿ ಹಳ್ಳವನ್ನು ದಾಟುವ ಜಾಗ ಬರುತ್ತದೆ. ಅಲ್ಲಿ ಬಂಡೆಯ ಬುಡದಲ್ಲಿ ಎರಡು ಚಾಪೆಯಗಲದ ಒಂದು ಗುಂಡಿ, ಮೊಣಕಾಲಿನ ಆಳ, ತಂಪು ನೀರು. ಸುತ್ತ ಧೂಪ, ಹೆಬ್ಬಲಸು, ಬೆತ್ತದ ಬಳ್ಳಿ. ಹತ್ತಿ ಬೆವರಿದವರಿಗೆ ಅಲ್ಲೇ ಚೀಲ ಬಿಚ್ಚಿ, ಬೂಟು ಕಳಚಿ, ಕಾಲು ಇಳಿಬಿಡಬೇಕು ಅನ್ನಿಸದಿದ್ದರೆ ಆಶ್ಚರ್ಯ. ಬಂಡೆಯ ಸಂದಿಯಲ್ಲಿದ್ದ ಬಿಸ್ಕತ್ತಿನ ಕವರು, ಶಾಂಪೂ ಪೊಟ್ಟಣಗಳನ್ನು ನೋಡಿದರೆ ಎಲ್ಲರಿಗೂ ಹಾಗೇ ಅನ್ನಿಸಿದೆ ಎಂದು ತಿಳಿಯುತ್ತದೆ.

ಮಾವ ಕೂರಲು ಬಿಡಲಿಲ್ಲ. "ನೀರು ತುಂಬಿಸಿಕೊಳ್ಳಿ. ಮುಖ ತೊಳೆಯುವುದಿದ್ದರೆ ತೊಳೆಯಿರಿ. ಏಳಿ" ಎಂದರು. ಪೊಟ್ಟಣಗಳನ್ನು ಹೆಕ್ಕಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಅಣ್ಣನ ಮಗ ಗೊಣಗಿದ. "ಅವಲಕ್ಕಿ ಮೇಲೆ ತಿನ್ನೋಣ ತಮ್ಮಾ, ಅಲ್ಲೂ ನೆರಳಿದೆ" ಎಂದು ಅವನ ಬೆನ್ನು ತಟ್ಟಿ ಎಬ್ಬಿಸಿದರು. ದಾರಿ ಒಂದು ತಿರುವು ಹಾಕಿ ಮೇಲೆ ಬಂದಲ್ಲಿ ದೊಡ್ಡ ಧೂಪದ ಮರವೊಂದಿದೆ. ಅದರ ಬುಡದಲ್ಲಿ ನೆಲವನ್ನು ಕೋಲಿನಿಂದ ಕೆದಕಿ ನೋಡಿ, ತಾವು ತಂದಿದ್ದ ಗೋಣಿತಾಟು ಹಾಸಿ ಕೂರಿಸಿದರು. ಎಲೆಗಳ ನಡುವಿನ ಕಿಂಡಿಯಿಂದ ಕೆಳಗೆ ಆ ಗುಂಡಿ ಪೂರ್ತಿ ಕಾಣುತ್ತಿತ್ತು. ಗಾಳಿ ಕೆಳಗಿನಿಂದ ನಮ್ಮ ಕಡೆಗೆ ಬೀಸುತ್ತಿತ್ತು. ಅವಲಕ್ಕಿ, ಮಿಡಿ ಉಪ್ಪಿನಕಾಯಿ, ಬಾಟಲಿಯಲ್ಲಿ ಮುರುಗಲು ಪಾನಕ. ಮಾತು ಬೇಡವೆಂದು ಮಾವ ತುಟಿಯ ಮೇಲೆ ಬೆರಳಿಟ್ಟರು.

ಮೊದಲು ಬಂದವು ಚಿಟ್ಟೆಗಳು. ನಾವು ಕಾಲಿಟ್ಟು ಕಲಕಿದ ಒದ್ದೆ ಮರಳಿನ ಮೇಲೆ ಒಂದೊಂದಾಗಿ ಇಳಿದು ರೆಕ್ಕೆ ಮಡಚಿ ಸಾಲಾಗಿ ನಿಂತವು. ಆಮೇಲೆ ಕಪ್ಪೆಂದರೆ ಕಪ್ಪು, ಬಿಸಿಲಿಗೆ ಬಂದರೆ ಕಡುನೀಲಿಯಾಗುವ ಶಿಳ್ಳೆಹಕ್ಕಿ ಬಂಡೆಯಿಂದ ಬಂಡೆಗೆ ಜಿಗಿಯುತ್ತ ಬಂದು ನೀರಿನಂಚಿನಲ್ಲಿ ರೆಕ್ಕೆ ಬಡಿದು ಮಿಂದಿತು. ಬೆಳಗಿನ ಜಾವ ಮನುಷ್ಯರಂತೆಯೇ ಶಿಳ್ಳೆ ಹಾಕಿ ಮಗಳನ್ನು ಎಬ್ಬಿಸಿದ್ದು ಇದೇ ಜಾತಿಯ ಹಕ್ಕಿ. ಸ್ವಲ್ಪ ಹೊತ್ತಿಗೆ ತರಗೆಲೆಯಲ್ಲಿ ಸರಸರ ಸದ್ದು. ಕೆಂಪು ಮೈ, ಕತ್ತಿನ ಪಕ್ಕದಲ್ಲಿ ಕಪ್ಪು ಪಟ್ಟಿ, ಬಾಲದ ತುದಿ ಕಪ್ಪು: ಊರ ಮುಂಗುಸಿಗಿಂತ ಬಹಳ ದೊಡ್ಡ ಕಾಡುಮುಂಗುಸಿಯೊಂದು ಕಲ್ಲಿನ ಕೆಳಗೆ ಕೈ ಹಾಕಿ ಏಡಿ ಎಳೆದು, ಅಲ್ಲೇ ಕೂತು ಕರುಂಕುರುಂ ಎಂದು ಅಗಿಯಿತು. ನಾವಿದ್ದಲ್ಲಿಗೆ ಆ ಸದ್ದು ಕೇಳುತ್ತಿತ್ತು. ಮುಸುವಗಳು ಬಂದಾಗ ಅದು ಮಾಯವಾಯಿತು. ಮುಸುವಗಳ ಶಿಸ್ತು ನೋಡುವಂಥದ್ದು. ಒಂದು ದೊಡ್ಡ ಗಂಡು ಮೇಲಿನ ಕೊಂಬೆಯಲ್ಲಿ ಕಾವಲು ಕೂತಿತು, ಮರಿ ಅವುಚಿಕೊಂಡ ತಾಯಂದಿರು ಮೊದಲು ಇಳಿದು ಮುಂಗೈ ಊರಿ ಬಾಯಿ ಹಚ್ಚಿ ಕುಡಿದವು, ಒಂದು ಗುಟುಕಿಗೊಮ್ಮೆ ತಲೆ ಎತ್ತಿ ಸುತ್ತ ನೋಡಿದವು. ತಲೆಯ ಮೇಲೆ ಎಲ್ಲೋ ಮಂಗಟ್ಟೆಯ ರೆಕ್ಕೆ ಬಡಿತ ಹುಸ್ಸ್ ಹುಸ್ಸ್ ಎಂದು ದಾಟಿ ಹೋಯಿತು. ಅದು ನೀರಿಗೆ ಬಂದದ್ದಲ್ಲ. ಹಣ್ಣಿಗೆ ಹೊರಟದ್ದಿರಬೇಕು, ಈ ಕಾಲದಲ್ಲಿ ಎಷ್ಟೋ ಗೂಡುಗಳಿಗೆ ಗಂಡು ಮಂಗಟ್ಟೆ ಇನ್ನೂ ಹಣ್ಣು ಹೊರುತ್ತಿರುತ್ತದೆ.

ಇಷ್ಟಾಗಿ, ಎದುರು ದಂಡೆಯ ಬೆತ್ತದ ಪೊದೆಯ ಹಿಂದೆ ಕಪ್ಪಗಿದ್ದದ್ದು ನೆರಳಲ್ಲ ಎಂದು ಗೊತ್ತಾಯಿತು. ಕಿವಿ ಅಲ್ಲಾಡಿತು. ದನದ ಕೊಟ್ಟಿಗೆಯ ವಾಸನೆ ನನಗೆ ಬಂದದ್ದು ಆಗಲೇ. ಹೆಣ್ಣು ಕಾಟಿ, ಅದರ ಪಕ್ಕೆಗೆ ಒತ್ತಿಕೊಂಡು ಕಂದು ಬಣ್ಣದ ಕರು. ಯಾವಾಗಿನಿಂದ ಅಲ್ಲಿ ನಿಂತಿತ್ತೋ. ನಾವು ಬಾಟಲಿ ತುಂಬಿಸುವಾಗಲೂ ಅಲ್ಲೇ ಇತ್ತು ಎಂದು ಮಾವ ಆಮೇಲೆ ಹೇಳಿದರು. ಅವರಿಗೆ ಆಗಲೇ ವಾಸನೆ ಸಿಕ್ಕಿತ್ತಂತೆ. ಅದು ಒಂದೊಂದೇ ಹೆಜ್ಜೆ ಇಟ್ಟು ಬಂಡೆಯ ಅಂಚಿಗೆ ಬಂತು. ಮೊಣಕಾಲಿನ ಕೆಳಗಿನ ಬಿಳುಪು, ಬೆನ್ನಿನ ಏರು, ಹೊಳೆಯುವ ಒದ್ದೆ ಮೂಗು ಎಲ್ಲ ಸ್ಪಷ್ಟ. ಮೂತಿ ಚಾಚಿತು. ಇನ್ನೊಂದು ಮಾರು ಬಂದಿದ್ದರೆ ಮೂತಿ ನೀರಿನಲ್ಲಿರುತ್ತಿತ್ತು. ಅಷ್ಟರಲ್ಲಿ ಕೆಳಗಿನ ದಾರಿಯಿಂದ ಸ್ಪೀಕರಿನ ಹಾಡು, ನಗು, ಯಾರೋ ಯಾರನ್ನೋ ಕೂಗಿದ್ದು ಕೇಳಿಸಿತು. ಕಾವಲು ಮುಸುವ ಖಕ್ ಎಂದಿತು. ಕಾಟಿ ತಲೆ ಎತ್ತಿ ಆ ಕಡೆ ನೋಡಿತು, ಮೂಗಿನಿಂದ ಬುಸ್ ಎಂದು ಗಾಳಿ ಬಿಟ್ಟು ತಿರುಗಿತು. ಕರು ಇನ್ನೂ ನೀರಿನ ಕಡೆಗೇ ಮುಖ ಮಾಡಿ ಒಂದು ಗಳಿಗೆ ನಿಂತು, ಆಮೇಲೆ ಅದರ ಹಿಂದೆ ಓಡಿತು. ಅಷ್ಟು ದೊಡ್ಡ ಮೈ ಬೆತ್ತದ ಪೊದೆಯೊಳಗೆ ಸದ್ದಿಲ್ಲದೆ ಹೇಗೆ ಹೋಯಿತೋ ನನಗೆ ಈಗಲೂ ತಿಳಿಯದು.

ಬಂದವರು ಹತ್ತು ಹನ್ನೆರಡು ಮಂದಿ ಯುವಕರು. ಕೆಟ್ಟವರೇನಲ್ಲ. ನಮ್ಮನ್ನು ಕಂಡು ಕೈ ಬೀಸಿದರು. ಗುಂಡಿಯ ಸುತ್ತ ಚೀಲ ಇಳಿಸಿ, ಅಂಗಿ ಬಿಚ್ಚಿ, ನೀರಿಗಿಳಿದರು. ನಾವು ಹೊರಡುವಾಗ ಒಬ್ಬ ಬಂಡೆಯ ಮೇಲೆ ಮಲಗಿದ್ದ. "ಸಂಜೆಗೆ ಬರುತ್ತದೆ ಬಿಡಿ" ಎಂದರು ಮಾವ, ನನ್ನ ಮುಖ ನೋಡಿ. "ಸಂಜೆ ಇಳಿಯುವವರೂ ಇಲ್ಲೇ ಕೂರುತ್ತಾರಲ್ಲ ಮಾವ" ಎಂದೆ. ಅವರು ಉತ್ತರ ಕೊಡಲಿಲ್ಲ.

ಮಳೆಯ ನಾಡಿನ ಬಾಯಾರಿಕೆ

ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಹುಲಿಕಲ್, ಆಗುಂಬೆಗಳ ಸೀಮೆಯಲ್ಲಿ ನೀರಿಗೆ ಬರ ಎಂದರೆ ಬಯಲುಸೀಮೆಯವರು ನಂಬಲಿಕ್ಕಿಲ್ಲ. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬೀಳುತ್ತದೆ, ಕಡಿದಾದ ಬಂಡೆಯ ಮೇಲಿಂದ ಇಳಿದು ಪಡುವಣಕ್ಕೆ ಬಿದ್ದದ್ದು ನೋಡನೋಡುತ್ತ ಸಮುದ್ರ ಸೇರುತ್ತದೆ. ಬೇಸಿಗೆಗೆ ಉಳಿಯುವುದು ನೆತ್ತಿಯ ಹುಲ್ಲಿನ ಬೇರು ಮತ್ತು ಗುಡ್ಡದ ಮಡಿಕೆಗಳಲ್ಲಿರುವ ಶೋಲಾ ಕಾಡಿನ ತರಗೆಲೆ ಮಣ್ಣು ಹಿಡಿದಿಟ್ಟುಕೊಂಡು ಹನಿಹನಿಯಾಗಿ ಬಿಡುವಷ್ಟು ಮಾತ್ರ. ಹುಲ್ಲು ಸುಟ್ಟ ವರ್ಷ ಕೆಳಗಿನ ಹಳ್ಳ ಬೇಗ ನಿಲ್ಲುತ್ತದೆ ಎಂಬುದನ್ನು ತೋಟದವರು ತಮ್ಮ ಕಾಲುವೆ ನೋಡಿಯೇ ಹೇಳುತ್ತಾರೆ. ಇಲ್ಲಿಗೆ ಹತ್ತಿರದ ಅಂಬಾರಗುಡ್ಡದಲ್ಲಿ ಗಣಿಗಾರಿಕೆಗೆ ಎದುರಾಗಿ ಊರಿನವರು ನಿಂತದ್ದಕ್ಕೆ ಇದೂ ಒಂದು ಕಾರಣ. ಆ ಗುಡ್ಡ 2011ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅಂದು ಉಳಿಸಿಕೊಂಡದ್ದು ಹುಲ್ಲನ್ನು, ಹುಲ್ಲಿನ ಜೊತೆ ನೀರನ್ನು.

ಮೇ ತಿಂಗಳಲ್ಲಿ ಕಾಡಿನಲ್ಲಿ ಊಟಕ್ಕೆ ಕೊರತೆಯಿಲ್ಲ. ಹೆಬ್ಬಲಸು, ಮುರುಗಲು, ನೇರಳೆ, ಅತ್ತಿ, ಕಾಡುಮಾವು ಎಲ್ಲ ಒಟ್ಟಿಗೇ ಹಣ್ಣಾಗುವ ಕಾಲ ಇದು. ಮರದ ಮೇಲಿರುವ ಕೆಂಜಳಿಲು, ಮಂಗಟ್ಟೆ, ಅದೃಷ್ಟವಿದ್ದರೆ ಕೊಲ್ಲೂರು ಕಡೆಯ ಘಟ್ಟದಲ್ಲಿ ಕಾಣುವ ಸಿಂಗಳೀಕ, ಇವೆಲ್ಲ ಹಣ್ಣಿನ ರಸದಲ್ಲೇ ಒಂದಷ್ಟು ನೀರು ಕಾಣುತ್ತವೆ. ಕಾಟಿಗೆ ಆ ಅನುಕೂಲವಿಲ್ಲ. ಗಂಡಾದರೆ ಹತ್ತು ಕ್ವಿಂಟಲ್‌ವರೆಗೂ ತೂಗುವ ಆ ಮೈಗೆ ಒಣ ಕಾಲದಲ್ಲಿ ದಿನವೂ ನೀರು ಬೇಕು. ಮಳೆಗಾಲದಲ್ಲಿ ಬೆಟ್ಟದ ತುಂಬ ಹರಡಿದ್ದ ನೀರು ಮೇ ಹೊತ್ತಿಗೆ ಬೆರಳೆಣಿಕೆಯ ಗುಂಡಿಗಳಿಗೆ ಬಂದು ನಿಂತಿರುತ್ತದೆ. ನಮ್ಮ ಚಾರಣದ ದಾರಿಗಳು ಹುಡುಕಿಕೊಂಡು ಹೋಗುವುದು ಅದೇ ಗುಂಡಿಗಳನ್ನು. ಜಲಪಾತವಿಲ್ಲದ ಚಾರಣಕ್ಕೆ ಯಾರು ಬರುತ್ತಾರೆ?

ನನ್ನನ್ನು ಕಾಡುವುದು ಈ ಹೊಂದಾಣಿಕೆ. ಶಾಲೆಗೆ ರಜೆ ಬರುವುದು, ಊರಿನಿಂದ ಊರಿಗೆ ಜನ ಹೊರಡುವುದು, ಕೊಲ್ಲೂರಿನಲ್ಲಿ ಜನಸಂದಣಿ ಹೆಚ್ಚುವುದು, ಬೆಟ್ಟದ ಮೇಲೆ ಜೀಪುಗಳು ಸಾಲುಗಟ್ಟುವುದು ಎಲ್ಲ ಏಪ್ರಿಲ್, ಮೇ. ನೀರು ಅತ್ಯಂತ ಕಡಿಮೆಯಾಗುವುದೂ ಏಪ್ರಿಲ್, ಮೇ. ವರ್ಷದಲ್ಲಿ ಪ್ರಾಣಿಗಳ ನಡುವೆ ನಾವು ಅತ್ಯಂತ ಕಡಿಮೆ ಇರಬೇಕಾದ ದಿನಗಳಲ್ಲೇ ನಾವು ಅತ್ಯಂತ ಹೆಚ್ಚು ಇರುತ್ತೇವೆ. ಕಬಿನಿ ಹಿನ್ನೀರಿನ ಆನೆ ಹಿಂಡಿನ ಚಿತ್ರಗಳೂ ಬೇಸಿಗೆಯವೇ. ಆದರೆ ಅಲ್ಲಿ ಸಫಾರಿಗೆ ಹೊತ್ತು ಗೊತ್ತಿದೆ, ವಾಹನದಿಂದ ಇಳಿಯುವಂತಿಲ್ಲ, ನೀರಿನ ದಂಡೆಯಲ್ಲಿ ಹಾಸಿಗೆ ಹಾಸಿ ಮಲಗುವಂತಿಲ್ಲ. ನಡೆದು ಹೋಗುವ ಬೆಟ್ಟಗಳಲ್ಲಿ ಈ ಅಂತರವನ್ನು ನಾವೇ ಇಟ್ಟುಕೊಳ್ಳಬೇಕು. ಕಾಲ್ನಡಿಗೆ ಕಾಡಿಗೆ ಹಗುರ ಎಂಬ ನಂಬಿಕೆ ನನಗೂ ಇದೆ, ಜೀಪಿನ ಎದುರು ಅದು ನಿಜವೂ ಹೌದು. ಆದರೆ ಜೀಪು ದೂಳೆಬ್ಬಿಸಿಕೊಂಡು ಹೊರಟುಹೋಗುತ್ತದೆ. ನಡೆಯುವವನು ಕೂರುತ್ತಾನೆ, ಅದೂ ನೀರಿದ್ದಲ್ಲೇ.

ತುದಿಯಲ್ಲಿ

ಕಾಡು ಮುಗಿದು ಹುಲ್ಲಿಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಜೀಪಿನ ದಾರಿ ಸೇರಿಕೊಂಡು, ಮೂಲ ಮೂಕಾಂಬಿಕೆಯ ಗುಡಿಯ ಮುಂದಿನ ಎತ್ತರದ ಕಬ್ಬಿಣದ ಕಂಬಕ್ಕೆ ಕೈ ಮುಗಿದು, ಸರ್ವಜ್ಞ ಪೀಠದವರೆಗೆ ಹತ್ತಿದೆವು. 1,343 ಮೀಟರ್ ಎತ್ತರದ ಆ ಏಣಿನ ಮೇಲೆ ಶಂಕರಾಚಾರ್ಯರ ಹೆಸರಿನ ಸಣ್ಣ ಕಲ್ಲುಮಂಟಪ ಗಾಳಿಗೆ ಮೈಯೊಡ್ಡಿ ನಿಂತಿದೆ. ಪೂರ್ವಕ್ಕೆ ಲಿಂಗನಮಕ್ಕಿಯ ಹಿನ್ನೀರು, ನೀರು ಇಳಿದು ಕೆಂಪು ಅಂಚು ಕಾಣುತ್ತಿತ್ತು. ಪಶ್ಚಿಮಕ್ಕೆ ಕರಾವಳಿಯ ಮಬ್ಬು. ಅಲ್ಲಿಂದ ಕೆಳಗಿಳಿದರೆ ಚಿತ್ರಮೂಲ. ಆ ಗುಹೆಯಲ್ಲಿ ಬಂಡೆಯಿಂದ ಇಳಿಯುವ ನೀರಿನ ಎಳೆಯನ್ನು ಸೌಪರ್ಣಿಕೆಯ ಹುಟ್ಟು ಎಂದು ಜನ ನಂಬುತ್ತಾರೆ. ಕೇರಳದಿಂದ ಬಂದ ವಯಸ್ಸಾದ ಭಕ್ತರೊಬ್ಬರು ಬರಿಗಾಲಿನಲ್ಲಿ ಇಳಿದು ಒಂದು ಉದ್ಧರಣೆಯಷ್ಟು ತೀರ್ಥ ತೆಗೆದುಕೊಂಡು, ಬೆರಳಿನಲ್ಲಿ ಉಳಿದದ್ದನ್ನು ತಲೆಗೆ ಒರೆಸಿಕೊಂಡು ಜಾಗ ಬಿಟ್ಟರು. ನೀರಿನ ಹತ್ತಿರ ಹೇಗಿರಬೇಕು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೊಲ್ಲೂರಿನಿಂದ ಇಲ್ಲಿಗೆ ರೋಪ್‌ವೇ ಹಾಕುವ ಪ್ರಸ್ತಾಪ ಕೆಲವು ವರ್ಷಗಳಿಂದ ಓಡಾಡುತ್ತಿದೆ. ನಡೆಯಲಾಗದ ಹಿರಿಯರಿಗೆ ದರ್ಶನ ಸಿಗುತ್ತದೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಈ ಬೆಟ್ಟ ಮೊದಲಿನಿಂದಲೂ ಭಕ್ತರದ್ದು. ಆದರೆ ತಂತಿಯಲ್ಲಿ ಮೇಲೇರುವ ಜನರಿಗೆ ಮೇಲೆ ಶೌಚಾಲಯ, ಹೋಟೆಲು ಎಲ್ಲ ಬೇಕು. ಅವೆಲ್ಲಕ್ಕೂ ನೀರು ಬೇಕು, ಅದೂ ಮೇ ತಿಂಗಳಲ್ಲಿ, ಇದೇ ಏಣಿನ ಮೇಲೆ. ಆ ನೀರನ್ನು ಎಲ್ಲಿಂದ ತರುತ್ತಾರೆ ಎಂದು ಕೇಳದೆ ಈ ಯೋಜನೆಗೆ ಹೌದು ಅನ್ನುವುದು ನನ್ನಿಂದಾಗದು. ಹಳ್ಳಗಳ ತಾಯಿಬೇರು ಇರುವುದೇ ಈ ಹುಲ್ಲಿನಲ್ಲಿ.

ಇಳಿಯುವಾಗ

ಅದೇ ದಾರಿಯಲ್ಲಿ ಇಳಿದೆವು. ನಾಲ್ಕು ಗಂಟೆಯ ಹೊತ್ತಿಗೆ ಹಳ್ಳದ ಹತ್ತಿರ ಬಂದರೆ ಯುವಕರ ಗುಂಪು ಹೋಗಿತ್ತು, ಅವರ ಜಾಗದಲ್ಲಿ ಉಡುಪಿ ಕಡೆಯ ಒಂದು ಕುಟುಂಬ ಕುಳಿತಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಚಕ್ಕುಲಿ ಡಬ್ಬಿ ತೆರೆದು ನಮಗೂ ಚಾಚಿದರು. ಮಗಳಿಗೆ ತಡೆಯಲಾಗಲಿಲ್ಲ. "ಆಂಟಿ, ಇಲ್ಲಿಗೆ ಕಾಟಿ ನೀರು ಕುಡಿಯಲು ಬರುತ್ತದೆ. ಬೆಳಿಗ್ಗೆ ಕರುವಿನ ಜೊತೆ ಬಂದು ಕುಡಿಯದೆ ಹೋಯಿತು. ಸ್ವಲ್ಪ ದೂರ ಹೋಗಿ ಕೂರುತ್ತೀರಾ?" ಎಂದಳು. ಎಷ್ಟು ಮರ್ಯಾದೆಯಿಂದ ಹೇಳಬಹುದೋ ಅಷ್ಟು ಮರ್ಯಾದೆಯಿಂದಲೇ ಹೇಳಿದಳು. ಆದರೆ ಮಕ್ಕಳ ಕಣ್ಣು ಅರಳಿತು. "ಹೌದಾ ಅಕ್ಕ? ಎಷ್ಟು ಹೊತ್ತಿಗೆ ಬರುತ್ತದೆ?" ಎಂದು ಚಿಕ್ಕವನು ಕೇಳಿದ. ಅವನ ಅಪ್ಪ ಚೀಲದಿಂದ ಕ್ಯಾಮೆರಾ ತೆಗೆದರು. ಮಗಳು ಪೆಚ್ಚಾಗಿ ನನ್ನ ಮುಖ ನೋಡಿದಳು.

ಮಾವ ಮುಂದೆ ಬಂದರು. "ನೀವು ಕೂತ ಜಾಗದಲ್ಲಿ ಉಣುಗು ಜಾಸ್ತಿ. ಮುಸುವ, ಕಾಟಿ ಎಲ್ಲ ಇಲ್ಲೇ ಬಂದು ಹೋಗುತ್ತವೆ, ಅವುಗಳ ಮೈಯಿಂದ ಉದುರಿರುತ್ತವೆ. ಮಂಗನ ಕಾಯಿಲೆಯ ಕಾಲ ಇದು. ಮಕ್ಕಳ ಕಾಲು ನೋಡಿ" ಎಂದರು. ಆ ತಾಯಿ ತಟ್ಟನೆ ಎದ್ದು ಮಕ್ಕಳನ್ನು ಎಬ್ಬಿಸಿ ಕಾಲು, ಕತ್ತು, ಕಿವಿಯ ಹಿಂಭಾಗ ಹುಡುಕತೊಡಗಿದರು. ಮಾವ ಎಣ್ಣೆಯ ಬಾಟಲಿ ಕೊಟ್ಟರು, ಹೇಗೆ ಹಚ್ಚಬೇಕೆಂದು ತೋರಿಸಿದರು, ಮನೆಗೆ ಹೋದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ನೆನೆಸುವುದು, ಹದಿನೈದು ದಿನದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಹೇಳುವುದು, ಎಲ್ಲ ಹೇಳಿದರು. ಐದು ನಿಮಿಷದಲ್ಲಿ ಜಾಗ ಖಾಲಿಯಾಯಿತು. ಅವರು ಕಸವನ್ನೂ ಒಂದು ಚೂರು ಬಿಡದೆ ಕಟ್ಟಿಕೊಂಡರು.

ಸ್ವಲ್ಪ ದೂರ ಇಳಿದ ಮೇಲೆ ಮಾವ ಮಗಳಿಗೆ ಹೇಳಿದರು: "ಕಾಟಿ ಬರುತ್ತದೆ ಎಂದರೆ ಕೂರುತ್ತಾರೆ ಕೂಸೇ, ಉಣುಗು ಇದೆ ಎಂದರೆ ಏಳುತ್ತಾರೆ. ಎರಡೂ ನಿಜವೇ." ಆಮೇಲೆ, ತಾವು ಕಾಟಿಯ ಪಕ್ಷ ಎಂದು ಅವಳು ತಿಳಿಯಬಾರದೆಂಬಂತೆ, ಕಳೆದ ವರ್ಷ ಆ ಹಿಂಡು ತಮ್ಮ ತೋಟಕ್ಕೆ ನುಗ್ಗಿ ಎರಡು ವರ್ಷದ ಅಡಿಕೆ ಸಸಿಗಳನ್ನು ಹೇಗೆ ತುಳಿದು ಹೋಯಿತು, ಬಾಳೆಯನ್ನು ಹೇಗೆ ಬುಡಸಹಿತ ತಿಂದಿತು, ಬೇಲಿಗೆ ಎಷ್ಟು ಖರ್ಚಾಯಿತು ಎಂದು ಒಂದೂ ಬಿಡದೆ ಹೇಳಿದರು. ಮೇಲೆ ನೀರು ಸಿಕ್ಕಿದರೆ ಅವು ಮೇಲೇ ಇರುತ್ತವೆ, ಸಿಗದಿದ್ದರೆ ತೋಟದ ಕೆರೆಗೆ ಬರುತ್ತವೆ, ಬಂದ ಮೇಲೆ ನೀರು ಮಾತ್ರ ಕುಡಿದು ಹೋಗಲು ಅವುಗಳಿಗೇನು ಹುಚ್ಚೇ ಎಂದರು. ಹಳ್ಳದ ಬಳಿ ನಮ್ಮನ್ನು ಕೂರಲು ಬಿಡದ್ದಕ್ಕೆ ಈ ಲೆಕ್ಕವೂ ಸೇರಿತ್ತೆಂದು ನನಗೆ ತಿಳಿದದ್ದು ಆಗ. ಗೋಡೆಯ ಮೇಲೆ ಬರೆಯುವ ಘೋಷಣೆಗಳಿಗಿಂತ ಈ ಲೆಕ್ಕ ನನಗೆ ಹೆಚ್ಚು ಗಟ್ಟಿಯಾಗಿ ಕಂಡಿತು.

ಗೇಟಿನವರೆಗೆ ಆ ಕುಟುಂಬ ನಮ್ಮ ಜೊತೆಗೇ ಇಳಿಯಿತು. ಕಾಟಿ ನೋಡಲಾಗಲಿಲ್ಲವೆಂದು ಚಿಕ್ಕವನ ಮುಖ ಇನ್ನೂ ಸಣ್ಣದಾಗಿತ್ತು. ಮಾವ ಅವನ ತಲೆ ಸವರಿ, "ದಸರಾ ರಜೆಗೆ ಬಾ ತಮ್ಮಾ. ಆಗ ಬೆಟ್ಟದ ತುಂಬ ನೀರು ಇರುತ್ತದೆ, ಎಲ್ಲಿ ಬೇಕಾದರೂ ಕೂರಬಹುದು" ಎಂದರು. "ಆಗ ಉಣುಗು ಇರುವುದಿಲ್ಲವಾ ಅಜ್ಜ?" ಎಂದು ಅವನು ಕೇಳಿದ.

"ಉಣುಗಿನ ಕಾಟ ಅಷ್ಟಿರುವುದಿಲ್ಲ" ಎಂದರು ಮಾವ. "ಉಂಬಳ ಮಾತ್ರ ಬಿಡುವುದಿಲ್ಲ."